ಹೊಸ್ತಿಲಾಚೆಯ ಗ್ಲಾಮ್ ರಾಕ್

ಹೊಸ್ತಿಲು ಕಂಡಲ್ಲಿ ಪಾದರಕ್ಷೆ ಬಿಡುವುದು ನನ್ನ ಕಾಲುಗಳೇ ತೆಗೆದುಕೊಳ್ಳುವ ತೀರ್ಮಾನ. ಅದರಲ್ಲಿ ತಲೆಯ ಪಾತ್ರ ಏನೂ ಇಲ್ಲ. ಡೆಂಟಿಸ್ಟ್ ಕ್ಲಿನಿಕ್ಕಿನಲ್ಲಿ, ಒಮ್ಮೆ ಬ್ಯಾಂಕಿನಲ್ಲಿ ಕೂಡ, ಕಾರ್ಪೆಟ್ ಸ್ವಲ್ಪ ಚೊಕ್ಕಟವಾಗಿ ಕಂಡಿತೆಂದು ಶೂ ಕಳಚಿ ನಿಂತವನು ನಾನು. ಸ್ಯಾನ್ ಡಿಯಾಗೋಗೆ ಬಂದು ಇಷ್ಟು ವರ್ಷವಾದರೂ ಈ ಕಾಲುಗಳಿಗೆ ಇನ್ನೂ ವೀಸಾ ಸಿಕ್ಕಿಲ್ಲ. ಇಂಥ ಕಾಲುಗಳನ್ನು ನಂಬಿ ನನ್ನ ಮಗಳು ಬ್ರಿಟಿಷ್ ಗ್ಲಾಮ್ ರಾಕ್ ಎಂಬ ಸಂಗೀತದ ಚರಿತ್ರೆಯನ್ನು ಎತ್ತಿ ನಿಲ್ಲಿಸಲು ಹೊರಟಳೆಂದರೆ ತಪ್ಪು ಯಾರದು, ನೀವೇ ಹೇಳಿ.

ಮಗಳು ಅನಘಾ ಪೊಮೊನಾದ ಕಾಲೇಜಿನಲ್ಲಿ ಓದುತ್ತಾಳೆ. ಫೋರ್ ಎಸ್ ರ್ಯಾಂಚ್ ಬಡಾವಣೆಯ ನಮ್ಮ ಮನೆಗೆ ಬರುವುದು ಒಗೆಯುವ ಬಟ್ಟೆ ತುಂಬಿದಾಗ ಮಾತ್ರ. ಬಟ್ಟೆ ಒಣಗಿಸುವ ಡ್ರೈಯರ್ ತಿರುಗುವಷ್ಟು ಹೊತ್ತು ಅವಳು ನಮ್ಮವಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ. ಕಣ್ಣು ಫೋನಿನ ಮೇಲೆ. ಡ್ರೈಯರ್ ಕುಂಯ್ ಎಂದೊಡನೆ ಬುಟ್ಟಿ ಎತ್ತಿಕೊಂಡು ಮಾಯ. ಇಂಥವಳು ಒಂದು ಶನಿವಾರ ನನ್ನೆದುರು ಕೂತು, "ಅಪ್ಪಾ, ನಂಗೆ ನೀನು ಬೇಕು" ಎಂದಳು. ಕನ್ನಡದಲ್ಲಿ! ಏನು ಎತ್ತ ಕೇಳದೆ ಹೂಂ ಅಂದುಬಿಟ್ಟೆ.

ಸಂಗೀತ ಚರಿತ್ರೆಯ ಕ್ಲಾಸಿನಲ್ಲಿ ಅವಳು ಭಾಷಣ ಮಾಡಬೇಕಿತ್ತು. ಪಕ್ಕದಲ್ಲಿ ವೇಷ ತೊಟ್ಟು ನಿಲ್ಲಬೇಕಿದ್ದ ಗೆಳೆಯ ಕೈಕೊಟ್ಟಿದ್ದ. ಅವನ ಜಾಗಕ್ಕೆ ನಾನು. ಅವಳ ಇಂಗ್ಲಿಷಿನಿಂದ ನನಗೆ ತಿಳಿದದ್ದಿಷ್ಟು: ಎಪ್ಪತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಾಕ್ ಸಂಗೀತಗಾರರು ಗಡ್ಡ ಬಿಟ್ಟು, ಮಾಸಿದ ಜೀನ್ಸ್ ತೊಟ್ಟು, ತಲೆ ತಗ್ಗಿಸಿಕೊಂಡು ಮುಗಿಯದ ಹಾಡು ನುಡಿಸುತ್ತಿದ್ದರಂತೆ. ಅದಕ್ಕೆ ಬೇಸತ್ತು, ಇಕ್ಕಟ್ಟಾದ ಬೀದಿಗಳಲ್ಲಿ ಬೆಳೆದ ಕೆಲವು ಹುಡುಗರು ಕೆನ್ನೆಗೆ ಮಿನುಗು ಹಚ್ಚಿ, ಕಣ್ಣಿಗೆ ಕಾಡಿಗೆ ತೀಡಿ, ಸ್ಯಾಟಿನ್ ಪ್ಯಾಂಟು ತೊಟ್ಟು, ಗೇಣೆತ್ತರದ ಅಟ್ಟೆಯ ಬೂಟು ಹತ್ತಿ, ಕುಣಿಯುವಂಥ ಪುಟ್ಟ ಹಾಡು ಹಾಡಿದರು. ಅದೇ ಗ್ಲಾಮ್ ರಾಕ್. ಟಿವಿ ಮುಂದಿದ್ದ ಅಪ್ಪಂದಿರು ಇದು ಗಂಡೋ ಹೆಣ್ಣೋ ಎಂದು ಕೂಗಾಡಿದರೆ, ಮಕ್ಕಳು ಅಮ್ಮನ ಲಿಪ್‌ಸ್ಟಿಕ್ ಹುಡುಕಿದರಂತೆ. ನನ್ನ ಚಿಕ್ಕಪ್ಪ ಗಾಂಧಿಬಜಾರಿನ ಧೂಳನ್ನೆಲ್ಲ ಬೆಲ್‌ಬಾಟಮ್ಮಿನಲ್ಲಿ ಗುಡಿಸಿ ಮನೆಗೆ ತರುತ್ತಿದ್ದುದು ನೆನಪಾಯಿತು. ಈ ಗಾಳಿಯ ಬಾಲ ಬಸವನಗುಡಿಗೂ ತಡವಾಗಿ ಬೀಸಿತ್ತೋ ಏನೋ. ಅಜ್ಜಿ ಅವನನ್ನು ಹೊರಗಿನ ನಲ್ಲಿಯಲ್ಲೇ ತಡೆದು ನಿಲ್ಲಿಸುತ್ತಿದ್ದಳು.

ಲಾಸ್ ಏಂಜಲೀಸಿನ ಹಳೆಬಟ್ಟೆ ಅಂಗಡಿಯಿಂದ ಬೆಳ್ಳಿ ಬಣ್ಣದ ಬೂಟು ಬಂತು. "ಬೂಟು ಹಾಕ್ಕೊಂಡು ಒಳಗೆ ಕಾಲಿಟ್ರೆ ನೋಡಿ ಮತ್ತೆ!" ಎಂದು ಹೆಂಡತಿ ಸುಧಾ ಬಾಗಿಲಲ್ಲೇ ತಡೆದಳು. ಹಾಗಾಗಿ ಬೂಟಿನ ಎತ್ತರಕ್ಕೆ ಪ್ಯಾಂಟಿನ ಅಳತೆ ನಡೆದದ್ದು ಮನೆಮುಂದಿನ ಡ್ರೈವ್‌ವೇಯಲ್ಲಿ. ನಾಯಿ ಹಿಡಿದು ಹೊರಟಿದ್ದ ಪಕ್ಕದ ಮನೆಯವರು ನನ್ನನ್ನೂ ಬೂಟನ್ನೂ ನೋಡಿ, ನಾಯಿಯನ್ನು ಆಚೆ ಬದಿಗೆ ಎಳೆದುಕೊಂಡರು. ಇನ್ನು ಆ ಮಿನುಗಿನ ಪುಡಿ! ಒಮ್ಮೆ ಹಚ್ಚಿ ನೋಡಿದ್ದಷ್ಟೇ. ದೇವರ ಮನೆಗೆ, ದಿಂಬಿಗೆ ಹರಡಿ, ಕೊನೆಗೆ ತಿಳಿಸಾರಿನಲ್ಲೂ ತೇಲಿತು. ಕಾರ್ಲ್ಸ್‌ಬಾಡ್ ಆಫೀಸಿನ ವಿಡಿಯೋ ಮೀಟಿಂಗಿನಲ್ಲಿ ನಾನು ಬಜೆಟ್ ಕಡಿತದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರೆ, ಮ್ಯಾನೇಜರ್ ನನ್ನ ಹುಬ್ಬನ್ನೇ ನೋಡುತ್ತಾ ಹುಟ್ಟುಹಬ್ಬದ ಶುಭಾಶಯ ಹೇಳಿದ. ನನಗೆ ತಲೆ ಚಿಟ್ಟು ಹಿಡಿಯಿತು.

ಆ ದಿನ ಬಂತು. ಪೊಮೊನಾದ ಕ್ಲಾಸಿನ ಬಾಗಿಲ ಹೊರಗೆ ನಾನು ಕಾಯುತ್ತಿದ್ದೆ. ಒಳಗೆ ಅನಘಾ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳೆಂದರೆ, ನನ್ನ ಎದೆ ಉಬ್ಬಿತು. ಎತ್ತರವೇ ಇದರ ಜೀವಾಳ, ಮಾಮೂಲಿ ಬೀದಿಯ ಮಾಮೂಲಿ ಹುಡುಗ ಬೂಟು ಹತ್ತಿದ ಕ್ಷಣದಲ್ಲಿ ತಾರೆಯಾಗುತ್ತಾನೆ, ಈಗ ನೋಡಿ, ಎಂದು ಬಾಗಿಲತ್ತ ಕೈ ತೋರಿಸಿದಳು. ನಾನು ಠೀವಿಯಿಂದ ಒಳಗೆ ನಡೆದೆ. ಎರಡನೇ ಹೆಜ್ಜೆಗೆ ಪ್ಯಾಂಟು ಕಾಲಡಿಗೆ ಸಿಕ್ಕಿ ಮುಗ್ಗರಿಸಿ ಮೇಜು ಹಿಡಿದುಕೊಂಡೆ. ಹಿಂತಿರುಗಿ ನೋಡಿದರೆ, ಬಾಗಿಲಾಚೆ ಗೋಡೆಯ ಬದಿಗೆ ಬೆಳ್ಳಿ ಬೂಟುಗಳು ಜೋಡಿಯಾಗಿ, ಅಚ್ಚುಕಟ್ಟಾಗಿ ನಿಂತಿದ್ದವು. ಒಳಗಿನ ಕಾರ್ಪೆಟ್ ಚೊಕ್ಕಟವಾಗಿತ್ತು, ಅಷ್ಟೇ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅನಘಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮನೆಗೆ ಬರುವಾಗ ಹಿಂದಿನ ಸೀಟಿನಲ್ಲಿ ಬಟ್ಟೆಯ ಬುಟ್ಟಿ, ಪಕ್ಕದಲ್ಲಿ ತುಟಿ ಬಿಗಿದ ಮಗಳು. ಒಂದೇ ಒಂದು ಸಲ ನನ್ನನ್ನು ಬೇಕೆಂದಳು, ಅದನ್ನೂ ಕೆಡಿಸಿದೆನಲ್ಲ ಎಂದು ನನಗೆ ಅಳುವೇ ಬಂತು. ಕಾಲುಗಳನ್ನು ಮನಸಾರೆ ಬೈದುಕೊಂಡೆ. ಅವು ಏನೂ ಆಗಿಲ್ಲವೆಂಬಂತೆ ಬ್ರೇಕು ಒತ್ತುತ್ತಿದ್ದವು.

"ಅಪ್ಪಾ, ಶೂಸ್ ಯಾಕೆ ಬಿಚ್ಚಿದೆ?"

"ಒಳಗೆ ಹೋಗೋದಿತ್ತಲ್ಲಮ್ಮ..."

ಅವಳು ಕಿಟಕಿಯತ್ತ ತಿರುಗಿದಳು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾದೆ; ನಗುತ್ತಿದ್ದಳು. "ನನ್ನ ರೂಮ್‌ಮೇಟ್ಸ್ ನಂಗೆ ಬೈತಾರೆ. ಯಾರೇ ಬಂದ್ರೂ ಫಸ್ಟ್ ಶೂಸ್ ಬಿಚ್ಚಿ ಅಂತೀನಿ. ಇಟ್ಸ್ ಆಲ್ ಯುವರ್ ಫಾಲ್ಟ್!"

ಮನೆ ಮುಟ್ಟಿದಾಗ ಸುಧಾ ಬಾಗಿಲಲ್ಲಿ ನಿಂತಿದ್ದಳು. ಮಗಳನ್ನೂ ಬುಟ್ಟಿಯನ್ನೂ ಒಳಗೆ ಬಿಟ್ಟು ನನಗೆ ಕೈ ಅಡ್ಡ ಹಿಡಿದಳು.

"ಶೂ ಬಿಟ್ಟಾಯ್ತಲ್ಲ" ಎಂದೆ.

"ಶೂ ಸರಿ. ಆ ಮುಖ? ಅದು ಪೂರ್ತಿ ಹೋಗೋವರೆಗೂ ಒಳಗೆ ಬರ್ಬೇಡಿ."

ತೋಟದ ಪೈಪು ಹಿಡಿದು ಮುಖ ತಿಕ್ಕಿದಷ್ಟೂ ಮಿನುಗು ಕೆನ್ನೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕೈಗೆ ಸಾಗಿತೇ ಹೊರತು ಹೋಗಲಿಲ್ಲ. ಒಳಗೆ ಅನಘಾ ನಾನು ಮುಗ್ಗರಿಸಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದಳು. ಅಮ್ಮ ಮಗಳು ಇಬ್ಬರ ನಗುವೂ ಕೇಳುತ್ತಿತ್ತು. ಡ್ರೈಯರ್ ಕುಂಯ್ ಎಂದು ನಿಂತು ಎಷ್ಟೋ ಹೊತ್ತಾಗಿತ್ತು. ಅವಳು ಇನ್ನೂ ಹೊರಡುವ ಮಾತೆತ್ತಿರಲಿಲ್ಲ. ಹೊರಗಿದ್ದವನು ನಾನೊಬ್ಬನೇ.