ಜೆಟ್ಟಿಗಾಗಿ ಸತ್ತ ಮಾವ

ಒಂದು ಜೆಟ್ ವಿಮಾನಕ್ಕಾಗಿ ಭಾನುಪ್ರಕಾಶ್ ಬೆಳಿಗ್ಗೆ ಒಂಬತ್ತಕ್ಕೆ ತನ್ನ ಸೋದರಮಾವನನ್ನು ಕೊಂದ. ಮಾವ ದೊಡ್ಡರಂಗಯ್ಯ ಆ ಹೊತ್ತಿಗೆ ಹೆಬ್ಬೂರಿನಲ್ಲಿ ಮುದ್ದೆ ಮುರಿಯುತ್ತಿದ್ದರು. ವಿಮಾನವಾದರೂ ಇದ್ದದ್ದು ಮೊಬೈಲಿನ ಯುದ್ಧದ ಆಟದಲ್ಲಿ. ಹೊಸಬರಿಗೆ ಹಾರಾಟ ಕಲಿಸುವ, ಬೇಕೆಂದರೆ ಬಾಂಬನ್ನೂ ಹಾಕುವ ಪುಟ್ಟ ಜೆಟ್. ಸಂಜೆ ಐದರೊಳಗೆ ಇನ್ನು ಹತ್ತು ಕಾಳಗ ಗೆದ್ದರೆ ಅದು ಅವನದು. ಇಲ್ಲದಿದ್ದರೆ ಮೂರು ತಿಂಗಳ ಪಾಡೆಲ್ಲ ನೀರಿನಲ್ಲಿ ಹೋಮ.

ಅಜ್ಜಿಯನ್ನು ಹಿಂದೆಯೇ ಎರಡು ಸಲ ಸಾಯಿಸಿದ್ದರಿಂದ ಈ ಸಲ ಮಾವನ ಪಾಳಿ. ಅವನು ದುಡಿಯುವ ಅಂತರಸನಹಳ್ಳಿಯ ಕಾರ್ಖಾನೆಯ ಮ್ಯಾನೇಜರ್ ವೆಂಕಟರಂಗಯ್ಯ ಹುಲಿಯೂರುದುರ್ಗದವರು, ಜ್ವರ ಬಂದರೂ ರಜೆ ಕೊಡದ ಆಸಾಮಿ. ಇವತ್ತು ಮಾತ್ರ ಫೋನಿನಲ್ಲಿ ಬೆಣ್ಣೆಯ ಹಾಗೆ ಕರಗಿದರು.

"ಛೆ ಛೆ, ಹೋಗಪ್ಪ. ಮಣ್ಣು ಎಷ್ಟೊತ್ತಿಗೆ?"

"ಸಂಜೆ ಐದಕ್ಕೆ ಸಾರ್."

ಪಕ್ಕದ ಗೋಡೆಗೆ ಕಿವಿ ಅಂಟಿಸಿಕೊಂಡೇ ಇರುವ ಮನೆಯೊಡತಿ ಗಿರಿಯಮ್ಮ ಬಾಗಿಲಲ್ಲಿ ಪ್ರತ್ಯಕ್ಷವಾದರು.

"ಮಾವ ಹೋದ್ರಂತೆ, ಇನ್ನೂ ಇಲ್ಲೇ ಕೂತಿದೀಯ?"

"ಗುಬ್ಬಿಯಿಂದ ಅಕ್ಕ ಕಾರಲ್ಲಿ ಬರ್ತಾಳೆ. ಒಟ್ಟಿಗೆ ಹೋಗ್ತೀವಿ."

"ಹಂಗಾದ್ರೆ ಮೊದ್ಲು ತಲೆಗೆ ನೀರು ಹಾಕ್ಕೊ. ಸಾವಿನ ಸುದ್ದಿ ಕೇಳಿ ಸ್ನಾನ ಮಾಡ್ದೆ ಕೂರ್ತಾರೇನೋ? ಮಣ್ಣಾಗೋವರ್ಗೂ ಒಲೆನೂ ಹಚ್ಚಂಗಿಲ್ಲ."

ಹೇಳಿದ್ದಷ್ಟೇ ಅಲ್ಲ, ಸಿಲಿಂಡರಿನ ರೆಗ್ಯುಲೇಟರನ್ನೇ ಬಿಚ್ಚಿಕೊಂಡು ಹೋದರು. ಭಾನು ತಣ್ಣೀರು ಸುರಿದುಕೊಂಡು, ಖಾಲಿ ಹೊಟ್ಟೆಯಲ್ಲಿ ಆಡಲು ಕೂತ. ನಾಲ್ಕೂಮುಕ್ಕಾಲಿಗೆ ಒಂಬತ್ತು ಗೆದ್ದಿದ್ದ. ಹತ್ತನೆಯದರಲ್ಲಿ ಎದುರಿಗೆ ಉಳಿದವನು ಒಬ್ಬನೇ. ಆಟದಲ್ಲಿ ಅವನ ಹೆಸರು 'ದುರ್ಗದ ಹುಲಿ'. ಬೆಳಿಗ್ಗೆಯಿಂದ ಇವನನ್ನು ಮೂರು ಸಲ ಉರುಳಿಸಿದ್ದವನು. ಭಾನು ಅವನ ಬೆನ್ನು ಹಿಡಿದ. ಗುರಿ ಕೂತಿತು, ಇನ್ನು ಬೆರಳು ಒತ್ತುವುದೊಂದೇ ಬಾಕಿ.

ಅಷ್ಟರಲ್ಲಿ ಗಿರಿಯಮ್ಮ ಮತ್ತೆ ಬಂದರು. ಕಣ್ಣು ಕೆಂಪಾಗಿ, ಫೋನಿನ ಮೇಲೆ ತಲೆ ಬಗ್ಗಿಸಿ ಕೂತವನನ್ನು ಕಂಡು ಅವರ ಕರುಳು ಚುರ್ ಎಂದಿತು.

"ನಿಮ್ಮಕ್ಕ ಬರ್ದಿದ್ರೆ ಹೋಗ್ಲಿ, ಅಳ್ಬೇಡ ಕಣೋ," ಎಂದು ಅವನ ಎರಡೂ ಕೈ ಹಿಡಿದುಕೊಂಡರು. ವಿಮಾನ ಮಗ್ಗುಲಾಯಿತು. ದುರ್ಗದ ಹುಲಿ ತಿರುಗಿ ಬಂದು ಹೊಡೆದ. ಐದು ಗಂಟೆಯೂ ಆಯಿತು. ಭಾನು ಈಗ ನಿಜವಾಗಿಯೇ ಅತ್ತ.

ಫೋನ್ ಬಂತು. ವೆಂಕಟರಂಗಯ್ಯ.

"ಮಣ್ಣಾಯ್ತೇನಪ್ಪ? ಒಂದು ಉಪಕಾರ ಮಾಡು. ನಿಮ್ಮಾವನ ಮಣ್ಣಿಗೆ ಹೋಗ್ತೀನಿ ಅಂತ ಓನರ್‌ಗೆ ಹೇಳಿ ನಾನೂ ರಜ ಹಾಕಿದ್ದೆ. ಯಾರಾದ್ರೂ ಕೇಳಿದ್ರೆ ನಿನ್ ಪಕ್ಕದಲ್ಲೇ ನಿಂತಿದ್ದೆ ಅನ್ನು."

ಅವರ ಹಿಂದೆ ಆಟದ ಗೆಲುವಿನ ತುತ್ತೂರಿ ಮೊಳಗುತ್ತಿತ್ತು. ಅದು ಭಾನುವಿಗೆ ಬಾಯಿಪಾಠ.

"ಸಾರ್... ಜೆಟ್ ಸಿಕ್ತಾ?"

ಆ ಕಡೆ ತುತ್ತೂರಿ ಥಟ್ಟನೆ ನಿಂತಿತು.

"ಸಿಕ್ತು," ಎಂದರು ವೆಂಕಟರಂಗಯ್ಯ ತಣ್ಣಗೆ. "ಇನ್ನೊಂದು ವಿಷ್ಯ. ನಾನೇ ಮಣ್ಣಿಗೆ ಬಂದೆ ಅಂದ್ಮೇಲೆ ಇನ್ನು ಸತ್ತಿಲ್ಲ ಅನ್ನಕಾಗಲ್ಲ. ಹನ್ನೊಂದನೇ ದಿನದ ಊಟಕ್ಕೆ ಓನರು, ಸ್ಟಾಫು ಎಲ್ಲ ಹೆಬ್ಬೂರಿಗೆ ಬರ್ತಾವ್ರೆ. ಅಷ್ಟರಲ್ಲಿ ನಿಮ್ಮಾವನಿಗೆ ಒಂದು ಮಾತು ಹೇಳ್ಬಿಡು."