ಶನಿವಾರಕ್ಕೆ ಹೋಗುವ ಮೇಜು

ಇನ್ನು ಮೇಲೆ ಕುಕ್ಕರಗಾಲಲ್ಲಿ ನೆಲದ ಮೇಲೆ ಕೂತು ವೆಲ್ಡಿಂಗ್ ಮಾಡುವುದಿಲ್ಲವೆಂದು ಕುಮಾಸಿ ಪಟ್ಟಣದ ವೆಲ್ಡರ್ ಅದೊಮಾಕೊ ಹೆಂಡತಿ ಸೆರ್ವಾಳ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದ. ಇಪ್ಪತ್ತು ವರ್ಷ ಬಗ್ಗಿ ಬಗ್ಗಿ ಅವನ ಬೆನ್ನು ಬಿಲ್ಲಾಗಿತ್ತು. ಎರಡು ತಿಂಗಳು ಅಂಗಡಿ ಅಂಗಡಿ ಅಲೆದು, ಮೇಜುಗಳ ಕಾಲು ಎಳೆದು, ಮೇಲೆ ಹತ್ತಿ ಕುಣಿದು, ಕೊನೆಗೆ ಮಡಚುವ ಉಕ್ಕಿನ ಮೇಜೊಂದನ್ನು ಆರಿಸಿ ತಂದ. ಮಡಚಲೇಬೇಕಿತ್ತು; ಅಂಗಳ ಆರು ಮನೆಯವರದು, ಸಂಜೆ ಅಲ್ಲಿ ಊಟದ ಫುಫು ಮುದ್ದೆ ಕುಟ್ಟಬೇಕು.

"ಒಬ್ಬರೇ ಎತ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಬಹುದು ಕಣೇ," ಎಂದು ಬೀಗಿದ.

"ಜೋರಾಗಿ ಹೇಳ್ಬೇಡಿ," ಎಂದಳು ಸೆರ್ವಾ. "ಕೇಳಿಸ್ಕೊಳ್ಳೋರು ಇರ್ತಾರೆ."

ಕೇಳಿಸಿಕೊಂಡಿದ್ದರು. ಶುಕ್ರವಾರವೇ ಸೆರ್ವಾಳ ಚಿಕ್ಕಮ್ಮ ಪೋಮಾ ಕಪ್ಪು ಬಟ್ಟೆ ಉಟ್ಟು ಬಂದರು. ಆ ಊರಲ್ಲಿ ಶವಸಂಸ್ಕಾರಗಳೆಲ್ಲ ಶನಿವಾರವೇ; ಶನಿವಾರವೆಂದರೆ ಸಾವಿನ ಮನೆ, ಸಾವಿನ ಮನೆಯೆಂದರೆ ಊರಿಗೆಲ್ಲ ಊಟ, ಊಟಕ್ಕೆ ಮೇಜು. ಹೆಂಡತಿಯ ಕಡೆಯ ಸಾವಿಗೆ ಇಲ್ಲವೆನ್ನುವ ಅಳಿಯ ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಅಳಿಯಂದ್ರೇ, ಮಡಚೋ ಮೇಜಂತೆ. ನಾನೇ ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ, ನಿಮಗ್ಯಾಕೆ ತೊಂದ್ರೆ."

"ಚಿಕ್ಕಮ್ಮ, ಅದು ವೆಲ್ಡಿಂಗ್ ಮೇಜು. ಮೈ ತುಂಬಾ ತೂತು."

"ಒಳ್ಳೇದೇ ಆಯ್ತು, ತೊಳೆದ ನೀರು ನಿಲ್ಲಲ್ಲ."

ಮೇಜು ಹೋಯಿತು. ಬುಧವಾರ ತಾಳೆ ಎಣ್ಣೆಯ ಜಿಡ್ಡು ಮೆತ್ತಿಕೊಂಡು ಬಂತು, ಶುಕ್ರವಾರ ಮತ್ತೆ ಹೋಯಿತು. ಐದು ವಾರಗಳಲ್ಲಿ ಅದು ಕಂಡಷ್ಟು ಹೆಣಗಳನ್ನು ಸ್ಮಶಾನದ ಕಾವಲುಗಾರನೂ ಕಂಡಿರಲಾರ. ಶಾಲೆಗೆ ಒಪ್ಪಿಕೊಂಡ ಹನ್ನೆರಡು ಕಿಟಕಿ ಗ್ರಿಲ್‌ಗಳಲ್ಲಿ ಎರಡೇ ಮುಗಿದಿದ್ದವು. ಉಳಿದದ್ದನ್ನು ಸೋಮವಾರ ಕೊಡದಿದ್ದರೆ ಕೆಲಸ ಬೇರೆಯವನ ಪಾಲು. ಅದೊಮಾಕೊಗೆ ಅಳುವುದೊಂದು ಬಾಕಿ.

ಗುರುವಾರ ಉಪಾಯ ಹೊಳೆಯಿತು. ಮಡಚುವುದರಿಂದ ತಾನೇ ಈ ಗತಿ? ನಾಲ್ಕೂ ಕಾಲುಗಳ ಕೀಲಿಗೆ ವೆಲ್ಡಿಂಗ್ ಮಾಡಿ, ಅಡ್ಡಪಟ್ಟಿ ಕೊಟ್ಟು ಬಿಗಿದುಬಿಟ್ಟ. ಎರಡು ತಿಂಗಳು ಹುಡುಕಿ ಆರಿಸಿದ ಗುಣವನ್ನು ಕೈಯಾರೆ ಕೊಂದ. ಒನಕೆ ಹಿಡಿದು ಬಂದ ಅಂಗಳದ ಹೆಂಗಸರು ಕುಟ್ಟಲು ಜಾಗವಿಲ್ಲವೆಂದು ಬೈದರು. ಬೈಯಲಿ, ಮೇಜಾದರೂ ಉಳಿಯಿತಲ್ಲ ಎಂದುಕೊಂಡ.

ಶುಕ್ರವಾರ ಪೋಮಾ ಬಂದರು.

"ಏನ್ಮಾಡೋದು ಚಿಕ್ಕಮ್ಮ," ಎಂದು ಅವನು ಮುಖ ಸಣ್ಣದು ಮಾಡಿಕೊಂಡ. "ಇನ್ನು ಮಡಚಕ್ಕಾಗಲ್ಲ."

ಪೋಮಾ ಎರಡೂ ಕೈ ಊರಿ ಮೇಜನ್ನು ಅಲ್ಲಾಡಿಸಿ ನೋಡಿದರು. ಅದು ಕದಲಲಿಲ್ಲ. ಅವರ ಕಣ್ಣು ತುಂಬಿ ಬಂತು.

"ದೇವ್ರಂಥ ಅಳಿಯ. ಹೋದ್ವಾರ ಸೂಪಿನ ಹಂಡೆ ಇಟ್ಟಾಗ ಮೇಜಿನ ಕಾಲು ನಡುಗಿದ್ದು ನಿಮ್ಮ ಕಿವಿಗೂ ಬಿತ್ತಾ? ಅದಕ್ಕೇ ಗಟ್ಟಿ ಮಾಡಿಟ್ರಾ?"

ಆರು ಜನ ಬಂದು ಮೇಜನ್ನು ಹೆಗಲ ಮೇಲೆ ಹೊತ್ತು ನಡೆದರು. ಅದೊಮಾಕೊ ನೆಲಕ್ಕೆ ಕುಕ್ಕರಿಸಿ ಮೂರನೆಯ ಗ್ರಿಲ್ ಎಳೆದುಕೊಂಡ. ಬೆನ್ನು ಹಳೆಯ ರಾಗ ತೆಗೆಯಿತು.

"ಯಾವಾಗ ತಂದ್ಕೊಡ್ತಾರಂತೆ?" ಎಂದು ಮೇಜಿನ ಜೊತೆ ಹೋಗಿ ಮರಳಿದ ಹೆಂಡತಿಯನ್ನು ಕೇಳಿದ.

"ತರೋದೆಲ್ಲಿ ಬಂತು?" ಎಂದಳು ಸೆರ್ವಾ. "ಮಡಚಕ್ಕೆ ಬರಲ್ಲ, ಹೊತ್ಕೊಂಡು ಬರಕ್ಕೆ ಆರಾಳು ಬೇಕು. ಅಲ್ಲೇ ನಮ್ಮ ಕಡೆಯೋರ ಹತ್ರಾನೇ ಇರ್ಲಿ ಅಂತ ಹಿರಿಯರು ತೀರ್ಮಾನ ಮಾಡಿದಾರೆ. ನಿಮ್ಮನ್ನ ತುಂಬಾ ಹೊಗಳಿದ್ರು."

"ಹೊಗಳಿದ್ರಾ?"

"ಹೂಂ. ಜೋಡಿಗೆ ಅಂಥದ್ದೇ ಇನ್ನೊಂದು ಮಾಡ್ಕೊಡ್ಬೇಕಂತೆ. ಬರೋ ಶನಿವಾರದೊಳಗೆ."