ಸೋಮವಾರದ ಗಾಡಿ, ತಲೆಗೊಂದು ಹಾಡು

ನಾಲ್ಕು ಮಂದಿ ಮಾಸ್ತರರು ದಿನಾ ಒಂದೇ ಗಾಡಿಯಲ್ಲಿ ಓಡಾಡಿದರೆ ಏನಾದರೊಂದು ನಡೆಯದೆ ಇರುವುದಿಲ್ಲ. ಆ ಗಾಡಿಯಲ್ಲಿ ಟೇಪು ಇದ್ದರಂತೂ ಮುಗಿದೇ ಹೋಯಿತು.

ಚಿಕ್ಕೋಡಿಯಿಂದ ರಾಯಬಾಗದ ಆಚೆಗಿರುವ ನಮ್ಮ ಶಾಲೆಗೆ ಏಳೆಂಟು ವರ್ಷ ಹೀಗೆ ಓಡಾಡಿದವಳು ನಾನು, ಗಣಿತದ ಅಕ್ಕೋರು. ಗಾಡಿಯಲ್ಲಿ ನನ್ನ ಜೊತೆ ಹೆಡ್ ಮಾಸ್ತರರು, ಪಿ.ಟಿ. ಮಾಸ್ತರರು, ಮತ್ತೆ ದಾವಣಗೆರೆ ಕಡೆಯಿಂದ ಹೊಸದಾಗಿ ಬಂದಿದ್ದ ಒಬ್ಬರು ಟೀಚರಮ್ಮ. ರವಿವಾರ ಯಾರಿಗೆ ಒಳ್ಳೆಯ ಹಾಡು ಸಿಕ್ಕಿದ್ದರೂ ಸೋಮವಾರ ಮುಂಜಾನೆ ಅದನ್ನು ಎಲ್ಲರಿಗೂ ಕೇಳಿಸಬೇಕು. ಈ ರೂಢಿ ಯಾವಾಗ ಬಿತ್ತೋ ನೆನಪಿಲ್ಲ. ಹೆಡ್ ಮಾಸ್ತರರಿಗೆ ಭಜನೆ, ಪಿ.ಟಿ. ಮಾಸ್ತರರಿಗೆ ಮರಾಠಿ ಲಾವಣಿ, ಟೀಚರ್‌ಗೆ ಭಾವಗೀತೆ, ನನಗೆ ಹಳೆಯ ಹಿಂದಿ ಸಿನೆಮಾ ಹಾಡು. ಒಬ್ಬರದು ಇನ್ನೊಬ್ಬರಿಗೆ ಹಿಡಿಸುತ್ತಿರಲಿಲ್ಲ. ಆದರೂ ಇವತ್ತು ಯಾರು ಏನು ತಂದಿದ್ದಾರೋ ಎಂಬ ಕುತೂಹಲಕ್ಕೆ ಸೋಮವಾರ ಮಾತ್ರ ಯಾರೂ ಗಾಡಿ ತಪ್ಪಿಸುತ್ತಿರಲಿಲ್ಲ.

ಹಿತ್ತಲ ಬಾಗಿಲು

ಒಮ್ಮೆ ಪಿ.ಟಿ. ಮಾಸ್ತರರು ನಿಪ್ಪಾಣಿಯಲ್ಲಿ ನಾದಿನಿಯ ಮದುವೆ ಮುಗಿಸಿಕೊಂಡು ಭಾರೀ ಹುರುಪಿನಲ್ಲಿ ಬಂದರು. ಹತ್ತಿದವರೇ ಪೆನ್‌ಡ್ರೈವ್ ಚುಚ್ಚಿದರು. ಢೋಲಕಿ ಶುರುವಾಯಿತು, ಹಿಂದೆಯೇ ಒಂದು ಹೆಣ್ಣುದನಿ ಕುಲುಕುತ್ತಾ ಬಂತು. ಲಾವಣಿ.

ಟೀಚರ್‌ಗೆ ಮರಾಠಿ ಒಂದಕ್ಷರ ಬಾರದು, ತಿಳಿದುಕೊಳ್ಳುವ ಆಸೆ ಮಾತ್ರ ಬೆಟ್ಟದಷ್ಟು. ನೋಟ್‌ಬುಕ್ ತೆಗೆದು, "ಸರ್, ಏನು ಹೇಳ್ತಿದಾಳೆ ಇವಳು? ಅರ್ಥ ಹೇಳಿ, ಬರ್ಕೋತೀನಿ" ಅಂದರು.

ಪಿ.ಟಿ. ಮಾಸ್ತರರ ಕಿವಿ ಕೆಂಪಾದವು. "ಅದು... ಆಕಿ ದೇವರನ್ನ ಕರ್ಯಾಕತ್ತಾಳ್ರಿ. ನಿನ್ನ ದಾರಿ ಕಾಯಾಕತ್ತೀನಿ, ಲಗೂನ ಬಾ ದೇವಾ, ಅಂತಾಳ್ರಿ."

"ಅಯ್ಯೋ ಪಾಪ, ಎಂಥ ಭಕ್ತಿ!" ಎಂದು ಟೀಚರ್ ಬರೆದುಕೊಂಡರು.

ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಹೆಡ್ ಮಾಸ್ತರರು ಹಿಂದೆ ತಿರುಗಲೂ ಇಲ್ಲ. "ಅಲ್ರಿ ಮಾಸ್ತರ, ದೇವರು ಹಿತ್ತಲ ಬಾಗಲದಿಂದ ಯಾಕ ಬರಬೇಕ? ಅದೂ ಚಪ್ಪಲಿ ಕೈಯಾಗ ಹಿಡಕೊಂಡ?"

ಬಿಟ್ಟುಹೋದ ನುಡಿ

ಅಂದಿನಿಂದ ಟೀಚರ್ ಪಿ.ಟಿ. ಮಾಸ್ತರರನ್ನು ನಂಬುವುದು ಬಿಟ್ಟರು. "ನೀವೇ ಒಂದು ಒಳ್ಳೆ ಮರಾಠಿ ಹಾಡು ಕೊಡಿ" ಎಂದು ನನಗೆ ಗಂಟುಬಿದ್ದರು. ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಬೀಸುವ ಕಲ್ಲಿನ ಮರಾಠಿ ಹಾಡೊಂದನ್ನು ಚೆಂದ ಹಾಡುತ್ತಾಳೆ. ಅದನ್ನು ನನ್ನ ಮೊಬೈಲಿನಲ್ಲಿ ತುಂಬಿಸಿಕೊಂಡು ತಂದು ಕೊಟ್ಟೆ. ಅರ್ಥ ಹೇಳಬೇಕು ಅನ್ನುವಷ್ಟರಲ್ಲಿ ಶಾಲೆ ಬಂತು, ಗಂಟೆ ಹೊಡೆಯಿತು, ಮರೆತೇ ಹೋಯಿತು.

ಟೀಚರ್ ಒಂದೇ ವಾರದಲ್ಲಿ ಅದನ್ನು ಬಾಯಿಪಾಠ ಮಾಡಿದರು. ಆ ರವಿವಾರ ಅವರ ಮನೆ ಮಾಲಕಿಯ ಮನೆಯಲ್ಲಿ ಅರಿಶಿನ-ಕುಂಕುಮ. ಮರಾಠಿ ಬಲ್ಲ ಓಣಿಯ ಹೆಂಗಸರೆಲ್ಲ ಕೂಡಿದ್ದರು. ಯಾರೋ "ಒಂದ ಹಾಡ ಹೇಳ್ರಿ ಅಕ್ಕೋರ" ಅಂದದ್ದೇ ತಡ, ಟೀಚರ್ ಕಣ್ಣು ಮುಚ್ಚಿ ಭಕ್ತಿಯಿಂದ ಸುರು ಹಚ್ಚಿಕೊಂಡರು.

ಅದು ಸೊಸೆ ಬೀಸುತ್ತಾ ಅತ್ತೆಯನ್ನು ಬಯ್ಯುವ ಹಾಡು. ಅತ್ತೆಯ ಮೂಗು ಒಣ ಮೆಣಸಿನಕಾಯಿ, ನಾಲಿಗೆ ಕುಡುಗೋಲು, ನಡಿಗೆ ಎಮ್ಮೆಯದು.

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮಾಲಕಿ ಎದುರಿಗೇ ಕೂತಿದ್ದಳು. ಆಕೆಯ ಸೊಸೆ ಕುಂಕುಮದ ತಾಟು ಹಿಡಿದು ಬಂದವಳು ಬಾಗಿಲಲ್ಲೇ ನಿಂತು, "ಮೇಡಂ, ಆ ನಾಲಿಗಿ ನುಡಿ ಇನ್ನೊಮ್ಮೆ ಹಾಡ್ರಿ" ಅಂದಳಂತೆ. ಮೆಚ್ಚಿದಳೆಂದು ಟೀಚರ್ ಇನ್ನಷ್ಟು ಭಾವ ತುಂಬಿ ಹಾಡಿದರಂತೆ!

ಹಾಡು ಮುಗಿಯಿತು. ಪಕ್ಕದವಳು ಟೀಚರ್ ಕಿವಿಯಲ್ಲಿ ಅರ್ಥ ಉಸುರಿದಾಗ, ಮಾಲಕಿ ಇನ್ನು ಮನೆ ಖಾಲಿ ಮಾಡಿಸುತ್ತಾಳೆ ಎಂದು ಇವರು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದರು. ಮಾಲಕಿ ಹತ್ತಿರ ಸರಿದು ಕೂತಳು.

"ನಾ ಸೊಸಿ ಆಗಿ ಬಂದಾಗ ದಿನಾ ಇದನ್ನ ಹಾಡತಿದ್ನಿ, ಅಕ್ಕೋರ. ನೀವು ಒಂದ ನುಡಿ ಬಿಟ್ಟೀರಿ ನೋಡ್ರಿ. ಖರೇ ಖಾರ ಅದರಾಗ ಐತಿ. ಬರ್ಕೋರಿ!"

ಒಂದ್ ನಂಬರ್

ಹೆಡ್ ಮಾಸ್ತರರ ಊರು ಐಗಳಿ. ರವಿವಾರ ಅಲ್ಲಿಗೆ ಹೋದಾಗ ಭಜನೆಗೆ ಕೂಡುತ್ತಿದ್ದರು. ಅವರೇ ಹಾಡುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಒಂದು ಸೋಮವಾರ ಗಾಡಿ ರೇಲ್ವೆ ಗೇಟಿನಲ್ಲಿ ನಿಂತಾಗ ನಾಚುತ್ತಾ, "ಅಕ್ಕೋರ, ನಾನ ಹಾಡಿದ್ದೊಂದ ಐತಿ. ಎಲ್ಲಾರ ಮುಂದ ಬ್ಯಾಡ. ನಿಮ್ಮ ಮೊಬೈಲಿಗೆ ಕಳಸ್ತೀನಿ, ಹೆಂಗೈತಿ ಹೇಳ್ರಿ" ಅಂದರು.

ನಾನು ಬ್ಲೂಟೂತ್ ಹಚ್ಚಿ, "ಮ್ಯಾಲಿನ ಹೆಸರು ನಂದ ರಿ" ಅಂದೆ. ಅವರು ಕನ್ನಡಕ ಹುಡುಕಿ ಹಾಕಿಕೊಳ್ಳುವುದರೊಳಗೆ ಮೇಲೆ ಬೇರೆ ಹೆಸರು ಬಂದು ಕೂತಿತ್ತು. ಅದನ್ನೇ ಒತ್ತಿ, "ಹೋತ್ರಿ!" ಎಂದು ಹಿಗ್ಗಿದರು. ನನಗೇನೂ ಬಂದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ತನ್ನ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಗೇಟು ತೆರೆಯಿತು, ಹೊರಟೇಹೋದ.

ಹದಿನೈದು ದಿನದ ಮೇಲೆ ಅದೇ ಗೇಟು. ಹಿಂದಿನಿಂದ ಇನ್ನೊಂದು ಟ್ರ್ಯಾಕ್ಟರು ಢುಮ್ ಢುಮ್ ಎನ್ನುತ್ತಾ ಬಂದು ನಿಂತಿತು. ಪಿ.ಟಿ. ಮಾಸ್ತರರು ಕೂತಲ್ಲೇ ಭುಜ ಕುಣಿಸತೊಡಗಿದರು. ನಾನು ಕಿವಿಗೊಟ್ಟೆ. ದನಿ ಹೆಡ್ ಮಾಸ್ತರರದು! ಹಾಡುವಾಗ ನಡುವೆ ಅವರಿಗೆ ಕೆಮ್ಮು ಬಂದಿತ್ತಂತೆ. ಯಾರೋ ಪುಣ್ಯಾತ್ಮ ಆ ಕೆಮ್ಮನ್ನೇ ಕತ್ತರಿಸಿ ತಾಳ ಮಾಡಿಬಿಟ್ಟಿದ್ದ. ಖೊಕ್ ಖೊಕ್ ಢುಮ್, ಖೊಕ್ ಖೊಕ್ ಢುಮ್.

ಹೆಡ್ ಮಾಸ್ತರರು ಗಾಡಿ ಇಳಿದರು. ಜಗಳ ಆಗುತ್ತದೆಂದು ನಾನೂ ಹಿಂದೆ ಓಡಿದೆ.

"ಏನಪಾ, ಎಲ್ಲಿ ಸಿಕ್ತು ಈ ಹಾಡ?"

"ಕಾಗವಾಡದಾಗ ಯಾರೋ ಡೀಜೆ ಮಾಡ್ಸ್ಯಾರ್ರಿ ಸಾಹೇಬ್ರ. ಈಗ ಉಗಾರದ ತನಕಾ ಎಲ್ಲಾ ಟ್ರ್ಯಾಕ್ಟರಿನಾಗ ಇದ ಐತ್ರಿ."

ಹೆಡ್ ಮಾಸ್ತರರ ಸಿಟ್ಟು ಅರ್ಧ ಇಳಿಯಿತು. ಮೀಸೆ ಸವರಿಕೊಂಡು, ಯಾರೋ ಬೇರೆಯವರ ಸುದ್ದಿ ಕೇಳುವಂತೆ ಕೇಳಿದರು: "ಹಾಡಿದವರು ಹೆಂಗ ಹಾಡ್ಯಾರ?"

"ಹಾಡ ಏನ ಅಷ್ಟಕ್ಕಷ್ಟ ರಿ. ಆದ್ರ ಕೆಮ್ಮ ಮಾತ್ರ ಒಂದ್ ನಂಬರ್! ಯಾವ ಉಸ್ತಾದರ ಕಡೆ ಕಲ್ತಾರೋ ಏನೋ!"